ಹೊಟ್ಟೆ ಸೀಳು

ಯಾದವಗಿರಿಯ ಇಳಿಜಾರಿನಲ್ಲಿ ಯಾರದೋ ಹಳೆಯ ಬಂಗಲೆ,
ಈಗ ಬಾರು. ಗೇಟಿನ ಮೇಲೆ ಬೋರ್ಡಿಲ್ಲ,
ಬೋರ್ಡಿಲ್ಲದಿರುವುದೇ ಈಗಿನ ಷೋಕಿಯಂತೆ.
ಕತ್ತಲಿಗೆ ಕಣ್ಣು ಒಗ್ಗುವ ತನಕ
ಯಾರ ಯಾರದೋ ಕಾಲು ತುಳಿದು
ಕೊನೆಗೊಂದು ಮೇಜು ಸಿಕ್ಕಿತು.

ಶಾಹೀನಳ ನೌಕರಿ ಖಾಯಮ್ಮಾದ ಸಂಜೆ.
ವಿಮಾ ಕಚೇರಿಯ ನಾವು ನಾಲ್ವರು
ಟಿಫಿನ್ ಚೀಲಗಳನ್ನು ಕಾಲಡಿಗೆ ಒತ್ತರಿಸಿ ಕೂತೆವು.

ಗೋಡೆ ತುಂಬ ಕಲೆ:
ಮುಖವಿಲ್ಲದ ಹೆಂಗಸರು, ನೀಲಿ ಎಮ್ಮೆ,
ಸೈಕಲ್ ಚೈನಿನಲ್ಲಿ ಹೆಣೆದ ಕುದುರೆ.
ಕಕ್ಕಸಿನ ಬಾಗಿಲಿಗೂ ಒಂದು ಚಿತ್ರ ಬರೆದಿದ್ದರು,
ಅದನ್ನು ತಳ್ಳಬಹುದೋ ಬಾರದೋ ತಿಳಿಯದೆ
ಬೋಪಣ್ಣ ಹೋದ ಹಾಗೆಯೇ ವಾಪಸು ಬಂದ.

ನಂಜನಗೂಡು ರಸಬಾಳೆ ಕಿವುಚಿ ರಮ್ಮಿಗೆ ಬೆರೆಸಿ
ಮೇಲೊಂದು ಮಲ್ಲಿಗೆ ಮೊಗ್ಗು ತೇಲಿಬಿಟ್ಟ ಲೋಟ
ಆರುನೂರ ಐವತ್ತು ರೂಪಾಯಿ.
‘ಪ್ರಸಾದದ ಹಾಗಿದೆ ಕಣೇ’ ಅಂದ ಸುಗುಣಾ
ಕಣ್ಣಿಗೊತ್ತಿಕೊಂಡೇ ಕುಡಿದಳು.

ನಾನು ಕೂತ ಕಡೆಗೆ ಎದುರಾಗಿ
ಗಾಜು ಹಾಕಿದ ಕಟ್ಟಿನಲ್ಲಿ ಒಂದು ತಗಡು.
ಹಳದಿ ನೆಲ, ಕೆಂಪು ಅಕ್ಷರ:
ಶುದ್ದ ಬೆಣ್ಣೆ
ಸಗಟು ಹಾಗೂ ಚಿಲ್ಲರೆ.
ಕೆಳಗೊಂದು ಚೀಟಿ: ತಗಡಿನ ಮೇಲೆ ಎನಾಮಲ್,
ಅಜ್ಞಾತ ಕಲಾವಿದ, ಹದಿನೆಂಟು ಸಾವಿರ.

‘ತಪ್ಪು ಬರೆದಿದ್ದಾನಲ್ಲ, ಮಹಾಪ್ರಾಣ ಎಲ್ಲಿ?’ ಬೋಪಣ್ಣ.
‘ತಪ್ಪಿಗೇ ಕಣೋ ಹದಿನೆಂಟು ಸಾವಿರ’ ಶಾಹೀನ್.
ನಕ್ಕರು. ನಾನೂ ನಕ್ಕೆ, ಒಂದು ಗಳಿಗೆ ತಡವಾಗಿ.

ಯಾಕೆಂದರೆ ಅಷ್ಟರಲ್ಲಿ ನೋಡಿದ್ದೆ:
ಪ್ರತಿ ಅಕ್ಷರಕ್ಕೂ ಎಡಗಡೆಯೇ ಬಿದ್ದ ಕಪ್ಪು ನೆರಳು,
ಸೂರ್ಯ ಸದಾ ಬಲಕ್ಕೇ ಇರುವ ಆ ಲೋಕ,
ಣ್ಣೆಯ ಒತ್ತಿಗೆ ಒಂದು ಸುತ್ತು ಜಾಸ್ತಿ,
ಕೈ ನಿಲ್ಲಲು ಮನಸ್ಸಿಲ್ಲದವನ ಹಾಗೆ.
ಬಲತುದಿಯ ‘ಮರಿ ಆರ್ಟ್ಸ್, ಕೆಸರೆ’
ಕಟ್ಟಿನ ಮರದೊಳಗೆ ಮುಚ್ಚಿಹೋಗಿತ್ತು.

ಫೋನ್ ಹಿಡಿದು ಹೊರಗೆ ಸಂಪಿಗೆ ಮರದಡಿ ನಿಂತೆ.
ಹತ್ತು ಗಂಟೆ. ಅಪ್ಪನ ಒಂದನೇ ನಿದ್ದೆ ಕೆಟ್ಟಿತು.
‘ಎಲ್ಲಿದ್ದೀಯವ್ವ?’
‘ಊಟಕ್ಕೆ ಬಂದಿದ್ದೆ. ನಿನ್ನ ಬೋರ್ಡು ನೋಡ್ದೆ, ಬೆಣ್ಣೆದು.’
ಅವನು ಬೆಲೆ ಕೇಳಲಿಲ್ಲ. ನಾನು ಹೇಳಲೂ ಇಲ್ಲ.
‘ಕೆಂಪು ಹಂಗೇ ನಿಂತದಾ?’
‘ನಿಂತದೆ.’
‘ನಿಲ್ದೆ ಏನು, ಅದು ಒಳ್ಳೇ ಡಬ್ಬಿ.
ಪಾಪಶೆಟ್ಟರದು ಆ ಅಂಗಡಿ. ಎಂಟು ರೂಪಾಯಿ
ಮುರ್ಕೊಂಡ್ಬುಟ್ಟ ಪುಣ್ಯಾತ್ಮ.’
‘ಯಾಕೆ?’

ದೂರದಲ್ಲಿ ರೈಲು ಹೊರಡುವ ಸದ್ದು.
ಅಪ್ಪ ಕೆಮ್ಮಿದ, ನೀರು ಕುಡಿದ.
‘ಆಗ ಯಾವನೋ ಒಬ್ಬ ಹುಡುಗ ಇದ್ದ ಕೆಲ್ಸಕ್ಕೆ.
ಒತ್ತು ತುಂಬೋವಾಗ ಹೊಟ್ಟೆ ಸೀಳೋದು ಮರ್ತ.
ಎಳೇ ಕೈ. ಹೋಗ್ಲಿ ಬುಡು. ಬೇಗ ಮನೆ ಸೇರ್ಕೊ.’

ಯಾವ ಹುಡುಗನೂ ಇರಲಿಲ್ಲ.
ಮೂರನೇ ಕ್ಲಾಸಿನ ಬೇಸಿಗೆ ರಜೆ,
ಸೀಮೆಎಣ್ಣೆಯ ವಾಸನೆ, ಅಳಿಲುಬಾಲದ ಬ್ರಷ್ಷು,
‘ದೊಡ್ಡಕ್ಷರ ನಂದು, ಒತ್ತಕ್ಷರ ನಿಂದು’ ಎಂದು
ಸೀಮೆಸುಣ್ಣದ ಗೆರೆ ತೋರಿಸಿ ಬೀಡಿ ಹಚ್ಚಿದವನು ಅವನೇ.
ಗೆರೆಯೊಳಗೆಲ್ಲ ಕೆಂಪು ತುಂಬಿದ್ದೆ,
ಸೀಳಿಗೆಂದು ಬಿಟ್ಟ ಸಂದಿಗೂ.
ತುಂಬುವುದು ಒಳ್ಳೆಯದೆಂದುಕೊಂಡಿದ್ದೆ.

ಬೋರ್ಡು ಕೊಟ್ಟು ಬಂದ ದಿನ
ಮಾರ್ಕೆಟ್ಟಿನ ಹಿಂದಿನ ಬೇಕರಿಯಲ್ಲಿ
ನನಗೊಬ್ಬಳಿಗೇ ಬೆಣ್ಣೆ ಬನ್ನು ಕೊಡಿಸಿ
ತಾನು ಹಸಿವಿಲ್ಲ ಎಂದು
ಬೇರೆ ಅಂಗಡಿಗಳ ಬೋರ್ಡು ಓದುತ್ತ ನಿಂತಿದ್ದ.
ಬನ್ನು ನೆನಪಿತ್ತು, ಇಪ್ಪತ್ತಾರು ವರ್ಷ.
ಎಂಟು ರೂಪಾಯಿ ಇವತ್ತು ತಿಳಿಯಿತು.

ಒಳಗೆ ಬಂದೆ. ಹಾಡು ಬದಲಾಗಿತ್ತು.
ಗಾಜಿನ ಹತ್ತಿರ ಹೋಗಿ ನಿಂತರೆ
ಒತ್ತಿನ ಮೇಲೆ ಸರಿಯಾಗಿ ನನ್ನ ಮೂಗು.
‘ಕೊಂಡ್ಕೊಳ್ತೀಯೇನೇ?’ ಕೂಗಿದಳು ಸುಗುಣಾ.
‘ಎರಡು ತಿಂಗಳ ಕಂತು ಕಟ್ಟಬೇಕು’ ಅಂದೆ.

ಹುಡುಗ ಬಂದ, ಪೆನ್ಸಿಲ್ ಕಿವಿಗೆ ಸಿಕ್ಕಿಸಿ.
ಬೆಣ್ಣೆ ಬನ್ನು ಇದೆಯಾ ಎಂದು ಕೇಳಿದೆ.
ಮೇಡಂ, ಬನ್ ಇಲ್ಲ,
ಬ್ರುಸ್ಕೆಟ್ಟಾ ಇದೆ.